ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ ಎಷ್ಟಿರಬಹುದು? ಮಿತಿ, ಶುದ್ಧತೆಯ ದರ್ಜೆ ಮತ್ತು ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ರೆಸರ್ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿರುವ ಎಣ್ಣೆಯೂ ಬಹುಪಾಲು ಕಾಣುವುದಿಲ್ಲ. ಪೇಂಟ್ ಮೇಲೆ ಕುಳಿ ಬಿದ್ದಾಗ, ವಾಲ್ವ್ ಅಂಟಿಕೊಂಡಾಗ, ತಪಾಸಣೆಗೆ ಬಂದವರು ರಿಪೋರ್ಟ್ ಕೇಳಿದಾಗ ಮಾತ್ರ ಅದರ ಕಡೆ ಗಮನ ಹೋಗುತ್ತದೆ. ಕಂಪ್ರೆಸರ್ ನೋಡಿಕೊಳ್ಳುವವರು, ಗುಣಮಟ್ಟ ವಿಭಾಗದವರು, ಹೊಸದಾಗಿ ಖರೀದಿಗೆ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಗಾಳಿಗೆ ಎಣ್ಣೆ ಎಲ್ಲಿಂದ ಬರುತ್ತದೆ?

ಮೊದಲನೆಯದು ಕಂಪ್ರೆಸರ್‌ನದೇ ಎಣ್ಣೆ. ಎಣ್ಣೆ ಬಳಸುವ ಸ್ಕ್ರೂ ಕಂಪ್ರೆಸರ್‌ನಲ್ಲಿ ಎಣ್ಣೆಯನ್ನು ಬೇಕೆಂದೇ ಗಾಳಿಯ ಜೊತೆ ಬೆರೆಸುತ್ತಾರೆ. ರೋಟರ್‌ಗಳ ನಡುವಿನ ಸಂದು ಮುಚ್ಚಲು, ಬಿಸಿ ಹೀರಲು, ಸವೆತ ತಡೆಯಲು ಅದು ಬೇಕೇ ಬೇಕು. ಆಮೇಲೆ ಸೆಪರೇಟರ್ ಎಣ್ಣೆಯನ್ನು ಹಿಡಿದು ವಾಪಸ್ ಕಳಿಸುತ್ತದೆ. ಎಲ್ಲ ಸರಿಯಿದ್ದರೂ ಸುಮಾರು 2ರಿಂದ 5 ಪಿಪಿಎಂನಷ್ಟು (ಹತ್ತು ಲಕ್ಷ ಪಾಲಿನಲ್ಲಿ 2ರಿಂದ 5 ಪಾಲು) ಎಣ್ಣೆ ಗಾಳಿಯ ಜೊತೆ ಹೊರಗೆ ಬರುತ್ತದೆ. ಸೆಪರೇಟರ್ ಹಳತಾದರೆ, ಎಣ್ಣೆ ಜಾಸ್ತಿ ತುಂಬಿದರೆ, ಎಣ್ಣೆ ವಾಪಸ್ ಹೋಗುವ ಸಣ್ಣ ಪೈಪ್ ಕಟ್ಟಿಕೊಂಡರೆ ಇದು ಎಷ್ಟೋ ಪಟ್ಟು ಏರುತ್ತದೆ. ಪಿಸ್ಟನ್ ಕಂಪ್ರೆಸರ್‌ನಲ್ಲಿ ರಿಂಗ್ ಸವೆದರೂ ಇದೇ ಕಥೆ.

ಎರಡನೆಯದು ಕಂಪ್ರೆಸರ್ ಒಳಗೆ ಎಳೆದುಕೊಳ್ಳುವ ಗಾಳಿ. ವಾಹನಗಳ ಹೊಗೆ, ಸಾಲ್ವೆಂಟ್, ಇಂಧನದ ಆವಿ ಎಲ್ಲ ಅದರಲ್ಲೇ ಇರುತ್ತವೆ. ಇದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೂರನೆಯದು ಪೈಪ್‌ಲೈನ್. ವರ್ಷಗಟ್ಟಲೆ ಒಳಗೋಡೆಗೆ ಅಂಟಿದ ಎಣ್ಣೆ, ವಾಲ್ವ್‌ನ ಗ್ರೀಸ್, ಜೋಡಣೆಗೆ ಬಳಸಿದ ಸೀಲಂಟ್. ಕಂಪ್ರೆಸರ್ ಹೊಸದಾಗಿದ್ದು ಪೈಪ್ ಹಳೆಯದಾಗಿದ್ದರೆ ಬಳಸುವ ಜಾಗದಲ್ಲಿ ಸಿಗುವುದು ಹಳೆಯ ಗಾಳಿಯೇ.

"ಒಟ್ಟು ಎಣ್ಣೆ" ಎಂದರೇನು? ಎಣ್ಣೆ ಎಣ್ಣೆಯೇ ಅಲ್ವಾ?

ಇಲ್ಲ. ಈ ವಿಷಯದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬಾರದು. ಗಾಳಿಯಲ್ಲಿ ಎಣ್ಣೆ ಮೂರು ರೂಪದಲ್ಲಿ ಇರುತ್ತದೆ. ಪೈಪ್‌ನ ಗೋಡೆಗುಂಟ ಹರಿಯುವ ದ್ರವ. ಗಾಳಿಯಲ್ಲಿ ತೇಲುವ ಅತಿ ಸಣ್ಣ ಹನಿಗಳು, ಅಂದರೆ ಏರೋಸಾಲ್. ಇವು ಹೆಚ್ಚಾಗಿ ಒಂದು ಮೈಕ್ರಾನ್‌ಗಿಂತ ಚಿಕ್ಕವು. ಕೊನೆಯದು ಪೂರ್ತಿ ಅನಿಲವಾಗಿ ಗಾಳಿಯಲ್ಲಿ ಬೆರೆತ ಆವಿ.

ದ್ರವವನ್ನು ಸೆಪರೇಟರ್ ಮತ್ತು ಡ್ರೈನ್ ಹಿಡಿಯುತ್ತವೆ. ಏರೋಸಾಲ್ ಹಿಡಿಯುವುದು ಕೊಯಲೆಸಿಂಗ್ ಫಿಲ್ಟರ್. ಅದರಲ್ಲಿ ತೀರಾ ತೆಳುವಾದ ಗಾಜಿನ ಎಳೆಗಳ ಪದರ ಇರುತ್ತದೆ. ಸಣ್ಣ ಹನಿಗಳು ಎಳೆಗೆ ಬಡಿದು, ಒಂದಕ್ಕೊಂದು ಸೇರಿ, ದೊಡ್ಡದಾಗಿ ಕೆಳಗಿಳಿಯುತ್ತವೆ. ಆದರೆ ಆವಿ ಈ ಫಿಲ್ಟರ್‌ನಲ್ಲಿ ಸಲೀಸಾಗಿ ದಾಟಿಹೋಗುತ್ತದೆ. ಎಷ್ಟೇ ಸೂಕ್ಷ್ಮ ಫಿಲ್ಟರ್ ಹಾಕಿದರೂ ಅಷ್ಟೇ, ಏಕೆಂದರೆ ಆವಿಯಲ್ಲಿ ಹಿಡಿಯಲು ಹನಿಯೇ ಇಲ್ಲ. ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಬೇಕು.

ಇನ್ನೂ ಒಂದು ವಿಷಯ. ಆವಿ ಫಿಲ್ಟರ್ ದಾಟಿದ ಮೇಲೆ ಮುಂದೆ ಪೈಪ್ ತಣ್ಣಗಾದರೆ ಮತ್ತೆ ಹನಿಯಾಗುತ್ತದೆ. "ಫಿಲ್ಟರ್ ಹಾಕಿದ್ದೇವೆ, ಆದರೂ ಬಳಸುವ ಜಾಗದಲ್ಲಿ ಎಣ್ಣೆ ಬರುತ್ತಿದೆ" ಎನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದೇ.

ಅಂತರರಾಷ್ಟ್ರೀಯ ಮಾನದಂಡದ ಮಿತಿಗಳು ಎಷ್ಟು?

ಎಲ್ಲರೂ ಬಳಸುವುದು ಐಎಸ್‌ಒ 8573-1. ಇದರ 2010ರ ಆವೃತ್ತಿ ಒಟ್ಟು ಎಣ್ಣೆಗೆ, ಅಂದರೆ ದ್ರವ, ಏರೋಸಾಲ್, ಆವಿ ಮೂರೂ ಸೇರಿ, ಒಂದು ಘನ ಮೀಟರ್ ಗಾಳಿಯಲ್ಲಿ ಇಷ್ಟು ಎಂದು ಮಿತಿ ಹಾಕುತ್ತದೆ:

ದರ್ಜೆ 1: 0.01 ಮಿಲಿಗ್ರಾಂ ಅಥವಾ ಕಡಿಮೆ
ದರ್ಜೆ 2: 0.1 ಮಿಲಿಗ್ರಾಂ ಅಥವಾ ಕಡಿಮೆ
ದರ್ಜೆ 3: 1 ಮಿಲಿಗ್ರಾಂ ಅಥವಾ ಕಡಿಮೆ
ದರ್ಜೆ 4: 5 ಮಿಲಿಗ್ರಾಂ ಅಥವಾ ಕಡಿಮೆ
ದರ್ಜೆ ಎಕ್ಸ್: 5 ಮಿಲಿಗ್ರಾಂಗಿಂತ ಜಾಸ್ತಿ

ಇವುಗಳ ಮೇಲೆ ದರ್ಜೆ 0 ಇದೆ. ಅದರ ಬಗ್ಗೆ ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಈ ಅಂಕಿಗಳನ್ನು ಒಂದು ನಿಗದಿತ ಸ್ಥಿತಿಗೆ ಲೆಕ್ಕ ಹಾಕಬೇಕು: 20 ಡಿಗ್ರಿ ಸೆಲ್ಸಿಯಸ್, 1 ಬಾರ್ ಅಬ್ಸಲ್ಯೂಟ್ ಒತ್ತಡ (ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡವೇ), ತೇವವಿಲ್ಲದ ಗಾಳಿ. ಗೇಜ್ 7 ಬಾರ್ ತೋರಿಸುವ ಪೈಪ್‌ನಲ್ಲಿ ಒಂದು ಘನ ಮೀಟರ್ ಜಾಗದೊಳಗೆ ಹೊರಗಿನ ಸುಮಾರು 8 ಘನ ಮೀಟರ್ ಗಾಳಿ ತುಂಬಿರುತ್ತದೆ. ರಿಪೋರ್ಟ್‌ನಲ್ಲಿ ಯಾವ ಸ್ಥಿತಿಗೆ ಲೆಕ್ಕ ಹಾಕಿದ್ದಾರೆ ಎಂದು ಬರೆದಿಲ್ಲದಿದ್ದರೆ ಉತ್ತರ ಎಂಟು ಪಟ್ಟು ಆಚೀಚೆ ಆಗಬಹುದು. ಅಂಥ ರಿಪೋರ್ಟ್ ಒಪ್ಪಿಕೊಳ್ಳಬೇಡಿ.

[1:2:1] ಎಂದು ಬರೆದಿರುತ್ತಾರೆ. ಇದನ್ನು ಓದುವುದು ಹೇಗೆ?

ಮೊದಲ ಅಂಕಿ ಧೂಳಿನ ಕಣಗಳದ್ದು, ಎರಡನೆಯದು ನೀರಿನದ್ದು, ಮೂರನೆಯದು ಎಣ್ಣೆಯದ್ದು. ಪೂರ್ತಿಯಾಗಿ ಬರೆಯುವಾಗ ಐಎಸ್‌ಒ 8573-1:2010 [1:2:1] ಎಂದು ಬರೆಯಬೇಕು. ಇಸವಿ ಬಿಡಬಾರದು. 1991, 2001, 2010ರ ಆವೃತ್ತಿಗಳ ಕೋಷ್ಟಕಗಳು ಒಂದೇ ಅಲ್ಲ. 1991ರಲ್ಲಿ ಎಣ್ಣೆಗೆ 25 ಮಿಲಿಗ್ರಾಂವರೆಗಿನ ದರ್ಜೆ 5 ಕೂಡ ಇತ್ತು. ಈಗ ಅದಿಲ್ಲ.

ನೀರಿನ ದರ್ಜೆಯನ್ನು ಪ್ರೆಶರ್ ಡ್ಯೂ ಪಾಯಿಂಟ್‌ನಲ್ಲಿ ಹೇಳುತ್ತಾರೆ, ಅಂದರೆ ಲೈನ್‌ನ ಒತ್ತಡದಲ್ಲಿ ಗಾಳಿಯ ತೇವ ನೀರಾಗತೊಡಗುವ ಉಷ್ಣತೆ. ದರ್ಜೆ 1 ಎಂದರೆ ಮೈನಸ್ 70 ಡಿಗ್ರಿ, ದರ್ಜೆ 2 ಮೈನಸ್ 40, ದರ್ಜೆ 3 ಮೈನಸ್ 20, ದರ್ಜೆ 4 ಪ್ಲಸ್ 3. ಸಾಮಾನ್ಯ ರೆಫ್ರಿಜರೇಶನ್ ಡ್ರೈಯರ್ ಕೊಡುವುದು ದರ್ಜೆ 4. ಮೈನಸ್ 40 ಬೇಕಾದರೆ ತೇವ ಹೀರುವ ಮಣಿಗಳಿರುವ ಡೆಸಿಕಂಟ್ ಡ್ರೈಯರ್ ಬೇಕು.

ಕಣಗಳ ದರ್ಜೆ 1ರಲ್ಲಿ, ಒಂದು ಘನ ಮೀಟರ್‌ನಲ್ಲಿ 0.1ರಿಂದ 0.5 ಮೈಕ್ರಾನ್ ಗಾತ್ರದವು 20,000, 0.5ರಿಂದ 1 ಮೈಕ್ರಾನ್‌ನವು 400, 1ರಿಂದ 5 ಮೈಕ್ರಾನ್‌ನವು 10, ಇವಕ್ಕಿಂತ ಜಾಸ್ತಿ ಇರಬಾರದು.

ದರ್ಜೆ 0 ಎಂದರೆ ಎಣ್ಣೆ ಸೊನ್ನೆ ತಾನೆ?

ಅಲ್ಲ. ದರ್ಜೆ 1ಕ್ಕಿಂತ ಕಟ್ಟುನಿಟ್ಟಾದ ಒಂದು ಮಿತಿಯನ್ನು ಬಳಸುವವರು ಅಥವಾ ಯಂತ್ರ ಕೊಡುವವರು ಲಿಖಿತವಾಗಿ ಹೇಳಬೇಕು ಎಂದಷ್ಟೇ ಮಾನದಂಡ ಹೇಳುತ್ತದೆ. ಆ ಮಿತಿ ಎಷ್ಟು ಎನ್ನುವುದು ಮಾನದಂಡದಲ್ಲಿ ಇಲ್ಲ. ಅಂಕಿ ಇಲ್ಲದ "ದರ್ಜೆ 0" ಸುಮ್ನೆ ಒಂದು ಮಾತು, ಅಷ್ಟೇ. "ದರ್ಜೆ 0, ಒಟ್ಟು ಎಣ್ಣೆ ಇಷ್ಟು ಮಿಲಿಗ್ರಾಂಗಿಂತ ಕಡಿಮೆ, ಇಷ್ಟು ಹರಿವಿನಲ್ಲಿ, ಇಷ್ಟು ಉಷ್ಣತೆಯಲ್ಲಿ" ಎಂದು ಬರೆದಿದ್ದರೆ ಮಾತ್ರ ಅದಕ್ಕೆ ಅರ್ಥ. ಆ ಮಿತಿಯನ್ನು ಅಳೆದು ನೋಡಲು ಸಾಧ್ಯವಿರಬೇಕು ಎನ್ನುವುದನ್ನೂ ನೆನಪಿಡಿ. ಉಪಕರಣಕ್ಕೆ ಕಾಣದಷ್ಟು ಸಣ್ಣ ಅಂಕಿ ಬರೆದು ಪ್ರಯೋಜನವಿಲ್ಲ.

ದರ್ಜೆ 0 ಸರ್ಟಿಫಿಕೇಟ್ ಸಾಮಾನ್ಯವಾಗಿ ಕಂಪ್ರೆಸರ್ ಮಾದರಿಯೊಂದಕ್ಕೆ ಪರೀಕ್ಷಾ ಸ್ಥಳದಲ್ಲಿ ಕೊಟ್ಟದ್ದು. ನಿಮ್ಮ ಪೈಪ್‌ನ ತುದಿಯಲ್ಲಿ ಬರುವ ಗಾಳಿಗೆ ಕೊಟ್ಟದ್ದಲ್ಲ.

ಪಿಪಿಎಂ ಮತ್ತು ಮಿಲಿಗ್ರಾಂ ಒಂದೇನಾ?

ಹತ್ತಿರ ಹತ್ತಿರ, ಆದರೆ ಒಂದೇ ಅಲ್ಲ. 20 ಡಿಗ್ರಿ, 1 ಬಾರ್‌ನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಹಾಗಾಗಿ ತೂಕದ ಲೆಕ್ಕದಲ್ಲಿ 1 ಪಿಪಿಎಂ ಎಂದರೆ ಘನ ಮೀಟರ್‌ಗೆ ಸುಮಾರು 1.2 ಮಿಲಿಗ್ರಾಂ. ಆವಿಯನ್ನು ಕೆಲವೊಮ್ಮೆ ಗಾತ್ರದ ಪಿಪಿಎಂನಲ್ಲಿ ಹೇಳುತ್ತಾರೆ. ಅದನ್ನು ಮಿಲಿಗ್ರಾಂಗೆ ತಿರುಗಿಸಲು ಆ ವಸ್ತುವಿನ ಅಣುತೂಕ ಬೇಕು. ಎರಡನ್ನೂ ಕಲಸಿ ಹೋಲಿಸಬೇಡಿ.

0.01 ಮಿಲಿಗ್ರಾಂ ತೀರಾ ಚಿಕ್ಕ ಅಂಕಿ. ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ?

ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 1,000 ಘನ ಮೀಟರ್ ಕೊಡುವ ಕಂಪ್ರೆಸರ್ ವರ್ಷಕ್ಕೆ 8,000 ಗಂಟೆ ಓಡಿದರೆ ಒಟ್ಟು 80 ಲಕ್ಷ ಘನ ಮೀಟರ್ ಗಾಳಿ. ದರ್ಜೆ 1ರ ಮಿತಿಯಲ್ಲೇ ಇದ್ದರೆ ವರ್ಷಕ್ಕೆ 80 ಗ್ರಾಂ ಎಣ್ಣೆ ಮುಂದೆ ಹೋಗುತ್ತದೆ. ದರ್ಜೆ 2ರಲ್ಲಿ 800 ಗ್ರಾಂ, ದರ್ಜೆ 3ರಲ್ಲಿ 8 ಕಿಲೋ, ದರ್ಜೆ 4ರಲ್ಲಿ 40 ಕಿಲೋ. ಈ 40 ಕಿಲೋ ಎಲ್ಲೋ ಹೋಗಿ ಸೇರಲೇಬೇಕು: ವಾಲ್ವ್, ಸಿಲಿಂಡರ್, ತಯಾರಿಸುವ ಮಾಲು, ಕೆಲಸಗಾರರ ಉಸಿರು. ದರ್ಜೆಯ ಅಂಕಿ ನೋಡುವುದಕ್ಕಿಂತ ಈ ಕಿಲೋ ಲೆಕ್ಕ ನೋಡಿದರೆ ನಿರ್ಧಾರ ಮಾಡುವುದು ಸುಲಭ ಎಂದು ನನ್ನ ಅನಿಸಿಕೆ.

ಫಿಲ್ಟರ್ ಮೇಲೆ 0.01 ಎಂದು ಬರೆದಿದೆ. ಹಾಗಾದರೆ ನಮ್ಮ ಗಾಳಿ ದರ್ಜೆ 1 ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಆ 0.01 ಏನು ಎಂದು ಮೊದಲು ನೋಡಿ. ಕೆಲವು ಕಡೆ ಅದು ಮೈಕ್ರಾನ್, ಅಂದರೆ ಕಣದ ಗಾತ್ರ. ಎಣ್ಣೆಯ ಪ್ರಮಾಣವಲ್ಲ. ಈ ಗೊಂದಲ ಬಹಳ ಸಾಮಾನ್ಯ.

ಅದು ಮಿಲಿಗ್ರಾಂ ಆಗಿದ್ದರೂ ಬಹುತೇಕ ಏರೋಸಾಲ್‌ಗೆ ಮಾತ್ರ ಹೇಳಿದ ಮಾತು. ಆವಿ ಅದರಲ್ಲಿ ಸೇರಿಲ್ಲ. ಆದರೆ ದರ್ಜೆ 1 ಕೇಳುವುದು ಆವಿಯನ್ನೂ ಸೇರಿಸಿದ ಒಟ್ಟು ಎಣ್ಣೆ.

ಆ ಅಂಕಿ ಯಾವ ಪರೀಕ್ಷೆಯಲ್ಲಿ ಬಂತು ಎನ್ನುವುದೂ ಮುಖ್ಯ. ಕೊಯಲೆಸಿಂಗ್ ಫಿಲ್ಟರ್‌ಗಳನ್ನು ಐಎಸ್‌ಒ 12500-1ರ ಪ್ರಕಾರ ಪರೀಕ್ಷಿಸುವಾಗ ಒಳಗೆ ಬಿಡುವ ಗಾಳಿಯಲ್ಲಿ ಘನ ಮೀಟರ್‌ಗೆ 10 ಅಥವಾ 40 ಮಿಲಿಗ್ರಾಂ ಎಣ್ಣೆ ಇರುತ್ತದೆ. 10ರಲ್ಲಿ ಪಾಸಾದ ಫಿಲ್ಟರ್‌ಗೆ ನೀವು 40 ಕೊಟ್ಟರೆ ಅದೇ ಫಲಿತಾಂಶ ಬರಬೇಕೆಂದೇನಿಲ್ಲ. ಅದಕ್ಕೇ ಗಾಳಿ ಸೂಕ್ಷ್ಮ ಫಿಲ್ಟರ್‌ಗೆ ಬರುವ ಮೊದಲು ಒಂದು ಸಾಮಾನ್ಯ ಕೊಯಲೆಸಿಂಗ್ ಫಿಲ್ಟರ್ ಇರಬೇಕು. ಒಂದರಲ್ಲೇ ಮುಗಿಸಲು ಹೋಗಬೇಡಿ.

ಕೊನೆಗೆ ಬಿಸಿ. ಪರೀಕ್ಷೆ ನಡೆಯುವುದು 20 ಡಿಗ್ರಿ ಆಸುಪಾಸಿನಲ್ಲಿ. ಕಂಪ್ರೆಸರ್ ಕೋಣೆ ಕುದಿಯುತ್ತಿದ್ದು, ಫಿಲ್ಟರ್‌ಗೆ 40 ಡಿಗ್ರಿಯ ಗಾಳಿ ಬಂದರೆ ಎಣ್ಣೆಯ ಹೆಚ್ಚು ಪಾಲು ಆವಿಯಾಗಿಯೇ ದಾಟುತ್ತದೆ. ಫಿಲ್ಟರ್ ಬದಲಿಸುವ ಮೊದಲು ಆಫ್ಟರ್‌ಕೂಲರ್ (ಕಂಪ್ರೆಸರ್‌ನಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಭಾಗ) ತೊಳೆಸಿ ನೋಡಿ. ಖರ್ಚು ಕಡಿಮೆ, ಲಾಭ ಜಾಸ್ತಿ.

ಆಯಿಲ್-ಫ್ರೀ ಕಂಪ್ರೆಸರ್ ಹಾಕಿದರೆ ಫಿಲ್ಟರ್ ಬೇಡವಾ?

ಬೇಕು. ಆಯಿಲ್-ಫ್ರೀ ಎಂದರೆ ಗಾಳಿ ಒತ್ತುವ ಜಾಗದಲ್ಲಿ ಎಣ್ಣೆ ಇಲ್ಲ ಎಂದರ್ಥ. ಇದು ದೊಡ್ಡ ಅನುಕೂಲವೇ. ಸೆಪರೇಟರ್ ಒಡೆದು ಇಡೀ ಲೈನ್‌ಗೆ ಎಣ್ಣೆ ನುಗ್ಗುವ ಭಯ ಇಲ್ಲ. ಆದರೆ ಹೊರಗಿನ ಗಾಳಿಯಲ್ಲಿದ್ದ ಆವಿ ಹಾಗೆಯೇ ಒಳಗೆ ಬರುತ್ತದೆ. ಕಂಪ್ರೆಸರ್ ಪಕ್ಕದಲ್ಲೇ ಜನರೇಟರ್ ಹೊಗೆ ಬಿಡುತ್ತಿದ್ದರೆ, ಪೇಂಟ್ ಬೂತ್ ಇದ್ದರೆ, ಆಯಿಲ್-ಫ್ರೀ ಯಂತ್ರದಿಂದಲೂ ದರ್ಜೆ 1ರ ಮಿತಿ ಮೀರಿದ ಗಾಳಿ ಬರಬಹುದು. ಧೂಳು ಮತ್ತು ನೀರಿನ ಸಮಸ್ಯೆಯಂತೂ ಹಾಗೆಯೇ ಉಳಿಯುತ್ತದೆ.

ಎಣ್ಣೆಯ ಯಂತ್ರ ಮತ್ತು ಒಳ್ಳೆಯ ಫಿಲ್ಟರ್‌ಗಳೋ, ಆಯಿಲ್-ಫ್ರೀ ಯಂತ್ರವೋ ಎಂಬ ವಾದ ಹಳೆಯದು. ಎರಡರಿಂದಲೂ ದರ್ಜೆ 1 ಮುಟ್ಟಬಹುದು. ಒಂದು ತಪ್ಪಿಗೆ ನಿಮ್ಮಲ್ಲಿ ಏನು ಬೆಲೆ ತೆರಬೇಕಾಗುತ್ತದೆ ಎನ್ನುವುದೇ ನಿರ್ಧಾರದ ಅಳತೆ. ಒಂದು ಬ್ಯಾಚ್ ಹಾಳಾದರೆ ಯಾರದೋ ಆರೋಗ್ಯಕ್ಕೆ ಅಪಾಯ ಎಂದಿದ್ದರೆ ನಾನು ಆಯಿಲ್-ಫ್ರೀ ಕಡೆ ನಿಲ್ಲುತ್ತೇನೆ. ಮಾಮೂಲಿ ಟೂಲ್‌ಗಳಿಗೆ ಅದು ಅನಗತ್ಯ ಖರ್ಚು.

ಕಾರ್ಬನ್ ಫಿಲ್ಟರ್ ಯಾವಾಗ ಬದಲಿಸಬೇಕು? ಗೇಜ್ ಏನೂ ತೋರಿಸುತ್ತಿಲ್ಲ.

ತೋರಿಸುವುದೂ ಇಲ್ಲ. ಕಾರ್ಬನ್ ಆವಿಯನ್ನು ತನ್ನ ಸೂಕ್ಷ್ಮ ರಂಧ್ರಗಳ ಮೇಲ್ಮೈಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಆವಿ ಹಾಗೆಯೇ ಹೊರಗೆ ಹೋಗುತ್ತದೆ. ಆದರೆ ಗಾಳಿ ಹರಿಯುವುದಕ್ಕೆ ಏನೂ ಅಡ್ಡಿಯಾಗುವುದಿಲ್ಲ. ಹಾಗಾಗಿ ಫಿಲ್ಟರ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಗೇಜ್ ಮೊದಲ ದಿನ ತೋರಿಸಿದ್ದನ್ನೇ ಕೊನೆಯ ದಿನವೂ ತೋರಿಸುತ್ತದೆ. ಗಂಟೆ ಲೆಕ್ಕದಲ್ಲೇ ಬದಲಿಸಬೇಕು, ಇಲ್ಲವೇ ಆವಿ ಅಳೆಯುವ ಉಪಕರಣ ಇಟ್ಟುಕೊಳ್ಳಬೇಕು.

ಸಣ್ಣ ಕಾರ್ಟ್ರಿಜ್‌ಗೆ ಆಯಸ್ಸು ಕಡಿಮೆ. 20 ಡಿಗ್ರಿಯಲ್ಲಿ ಸುಮಾರು 1,000 ಗಂಟೆ ಎಂದು ಹಲವು ತಯಾರಕರು ಹೇಳುತ್ತಾರೆ. ಗಾಳಿ ಬಿಸಿ ಇದ್ದರೆ ಅದೂ ಇಲ್ಲ. ದಿನವಿಡೀ ಓಡುವ ಕಡೆ 1,000 ಗಂಟೆ ಎಂದರೆ ಆರು ವಾರ. ಇದನ್ನು ವರ್ಷಕ್ಕೊಮ್ಮೆ ಬದಲಿಸುವವರು ಉಳಿದ ಹತ್ತು ತಿಂಗಳು ಬರೀ ಡಬ್ಬಿ ಇಟ್ಟುಕೊಂಡಂತೆ. ಸತತ ಬಳಕೆ ಇದ್ದರೆ ಜಾಸ್ತಿ ಕಾರ್ಬನ್ ತುಂಬಿದ ಟವರ್ ಹಾಕಿಸುವುದೇ ವಾಸಿ.

ಕಾರ್ಬನ್‌ಗೆ ಎಣ್ಣೆ ಹನಿ, ನೀರು ಎರಡೂ ಆಗಿಬರುವುದಿಲ್ಲ. ಗಾಳಿ ಅದಕ್ಕೆ ಬರುವ ಮೊದಲು ಕೊಯಲೆಸಿಂಗ್ ಫಿಲ್ಟರ್ ಮತ್ತು ಡ್ರೈಯರ್ ದಾಟಿರಲೇಬೇಕು. ಕಾರ್ಬನ್ ದಾಟಿದ ಮೇಲೆ ಒಂದು ಧೂಳಿನ ಫಿಲ್ಟರ್ ಕೂಡ ಬೇಕು, ಕಾರ್ಬನ್ ಪುಡಿ ಲೈನ್‌ಗೆ ಹೋಗದಂತೆ. ಕಾರ್ಬನ್ ಮೊನಾಕ್ಸೈಡ್ ಮತ್ತು ಮೀಥೇನ್ ಅನ್ನು ಕಾರ್ಬನ್ ಫಿಲ್ಟರ್ ಹಿಡಿಯುವುದಿಲ್ಲ ಎನ್ನುವುದೂ ಗೊತ್ತಿರಲಿ.

ಯಾವ ಕೆಲಸಕ್ಕೆ ಯಾವ ದರ್ಜೆ ಬೇಕು?

ಐಎಸ್‌ಒ 8573-1 ಇದನ್ನು ಹೇಳುವುದೇ ಇಲ್ಲ. ಅದು ದರ್ಜೆಗಳನ್ನು ಕೊಡುತ್ತದೆ. ಆಯ್ಕೆ ನಿಮ್ಮದು. ಗಾಳಿ ಏನನ್ನು ಮುಟ್ಟುತ್ತದೆ ಎಂದು ಕೇಳಿಕೊಂಡು ಹೊರಡಿ.

ಗಾಳಿ ಮಾಲನ್ನು ಮುಟ್ಟದೆ ಬರೀ ಸಿಲಿಂಡರ್ ತಳ್ಳುತ್ತದೆ, ಟೂಲ್ ತಿರುಗಿಸುತ್ತದೆ ಎಂದರೆ ದರ್ಜೆ 3 ಅಥವಾ 4 ಸಾಕು. ನಿಯಂತ್ರಣ ಉಪಕರಣಗಳ ಗಾಳಿಗೆ ಅಮೆರಿಕದ ಐಎಸ್‌ಎ 7.0.01 ಮಾನದಂಡ 1 ಪಿಪಿಎಂ ಎಣ್ಣೆಯ ಮಿತಿ ಹಾಕುತ್ತದೆ. ಕಣ 40 ಮೈಕ್ರಾನ್ ಮೀರಬಾರದು, ಡ್ಯೂ ಪಾಯಿಂಟ್ ಆ ಜಾಗದ ಅತಿ ಕಡಿಮೆ ಉಷ್ಣತೆಗಿಂತ 10 ಡಿಗ್ರಿಯಾದರೂ ಕೆಳಗಿರಬೇಕು. ಪೇಂಟಿಂಗ್‌ಗೆ ದರ್ಜೆ 1 ಇಟ್ಟುಕೊಳ್ಳುವುದು ವಾಡಿಕೆ. ಆಹಾರಕ್ಕೆ ನೇರ ತಾಗುವ ಗಾಳಿಗೆ ಬ್ರಿಟನ್ನಿನ ಉದ್ಯಮ ಮಾರ್ಗಸೂಚಿ [2:2:1] ಎನ್ನುತ್ತದೆ. ಬೇರೆ ದೇಶಗಳಲ್ಲೂ ಇದನ್ನೇ ಆಧಾರವಾಗಿ ಹಿಡಿಯುವವರು ಇದ್ದಾರೆ. ಆಹಾರ ಮತ್ತು ಔಷಧಕ್ಕೆ ಎಣ್ಣೆ ಒಂದೇ ಸಾಲದು. ಸೂಕ್ಷ್ಮಜೀವಿಗಳನ್ನೂ ನೋಡಬೇಕು, ಅದಕ್ಕೆ ಐಎಸ್‌ಒ 8573-7 ಇದೆ.

ಇಡೀ ಕಾರ್ಖಾನೆಗೆ ದರ್ಜೆ 1 ಕೊಡಬೇಕಾಗಿಲ್ಲ. ಕಂಪ್ರೆಸರ್ ಕೋಣೆಯಲ್ಲಿ ಸಾಮಾನ್ಯ ಮಟ್ಟದ ಶುದ್ಧಿ, ಬೇಕಾದ ಜಾಗದಲ್ಲಿ ಮಾತ್ರ ಕೊನೆಯ ಹಂತದ ಫಿಲ್ಟರ್. ಖರ್ಚೂ ಉಳಿಯುತ್ತದೆ, ಪೈಪ್‌ನ ಕೊಳೆಯಿಂದಲೂ ರಕ್ಷಣೆ ಸಿಗುತ್ತದೆ.

ಉಸಿರಾಡುವ ಗಾಳಿಗೆ ದರ್ಜೆ 1 ಇದ್ದರೆ ಸಾಕಲ್ವಾ?

ಖಂಡಿತ ಸಾಲದು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐಎಸ್‌ಒ 8573-1ರ ಮೂರು ಅಂಕಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಇಲ್ಲ, ಕಾರ್ಬನ್ ಡೈಆಕ್ಸೈಡ್ ಇಲ್ಲ, ಆಮ್ಲಜನಕದ ಪ್ರಮಾಣವೂ ಇಲ್ಲ. ಎಣ್ಣೆ 0.01 ಇದ್ದೂ ಗಾಳಿ ಪ್ರಾಣಕ್ಕೆ ಕುತ್ತಾಗಬಹುದು. ಕಂಪ್ರೆಸರ್ ತೀರಾ ಬಿಸಿಯಾಗಿ ಎಣ್ಣೆ ಕರಟಿದರೆ ಯಂತ್ರದೊಳಗೇ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಯುರೋಪಿನ ಇಎನ್ 12021 ಮಾನದಂಡದಲ್ಲಿ (2014ರ ಆವೃತ್ತಿ) ಎಣ್ಣೆ ಘನ ಮೀಟರ್‌ಗೆ 0.5 ಮಿಲಿಗ್ರಾಂ, ಕಾರ್ಬನ್ ಮೊನಾಕ್ಸೈಡ್ 5 ಪಿಪಿಎಂ, ಕಾರ್ಬನ್ ಡೈಆಕ್ಸೈಡ್ 500 ಪಿಪಿಎಂ ಮಿತಿ. ಅಮೆರಿಕದಲ್ಲಿ ಗ್ರೇಡ್ ಡಿ ಎನ್ನುವ ಉಸಿರಾಟದ ಗಾಳಿಗೆ ಎಣ್ಣೆ 5 ಮಿಲಿಗ್ರಾಂ, ಕಾರ್ಬನ್ ಮೊನಾಕ್ಸೈಡ್ 10 ಪಿಪಿಎಂ, ಕಾರ್ಬನ್ ಡೈಆಕ್ಸೈಡ್ 1,000 ಪಿಪಿಎಂ, ಆಮ್ಲಜನಕ ಶೇ 19.5ರಿಂದ 23.5. ಆಸ್ಪತ್ರೆಯಲ್ಲಿ ರೋಗಿಗೆ ಕೊಡುವ ಗಾಳಿಗೆ ಯುರೋಪಿಯನ್ ಫಾರ್ಮಕೋಪಿಯ (ಔಷಧಗಳ ಗುಣಮಟ್ಟ ಹೇಳುವ ಗ್ರಂಥ) ಎಣ್ಣೆಯನ್ನು 0.1 ಮಿಲಿಗ್ರಾಂಗೆ ಇಳಿಸುತ್ತದೆ.

ಉಸಿರಾಟದ ಗಾಳಿಯ ಶುದ್ಧೀಕರಣ ಘಟಕಗಳಲ್ಲಿ ಹಾಪ್ಕಲೈಟ್ ಎಂಬ ವೇಗವರ್ಧಕ ಇರುತ್ತದೆ. ಅದು ಮೊನಾಕ್ಸೈಡನ್ನು ಡೈಆಕ್ಸೈಡ್ ಮಾಡುತ್ತದೆ. ತೇವ ತಾಗಿದರೆ ಅದು ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಅದಕ್ಕಿಂತ ಮೊದಲು ಬರುವ ಡ್ರೈಯರ್ ಕೂಡ ಜೀವರಕ್ಷಕವೇ. ಮಾಮೂಲಿ ಟೂಲ್ ಲೈನ್‌ನಿಂದ ಮಾಸ್ಕ್‌ಗೆ ಗಾಳಿ ಎಳೆಯುವ ಅಭ್ಯಾಸ ಎಲ್ಲೇ ಕಂಡರೂ ಅವತ್ತೇ ನಿಲ್ಲಿಸಿ.

ಫುಡ್ ಗ್ರೇಡ್ ಎಣ್ಣೆ ಹಾಕಿದ್ದೇವೆ. ಇನ್ನು ಚಿಂತೆ ಇಲ್ಲ ತಾನೆ?

ಫುಡ್ ಗ್ರೇಡ್ ಎಂದರೆ ತಿನ್ನಬಹುದು ಎಂದಲ್ಲ. ಎಚ್1 ಎಂದು ನೋಂದಾಯಿಸಿದ ಎಣ್ಣೆ ಆಕಸ್ಮಿಕವಾಗಿ ಆಹಾರಕ್ಕೆ ತಾಗಿದರೆ ಒಪ್ಪಬಹುದು ಎಂದಷ್ಟೇ ಅರ್ಥ. ಅಮೆರಿಕದ ನಿಯಮದಲ್ಲಿ ಮಿನರಲ್ ಆಯಿಲ್‌ಗೆ ಆಹಾರದಲ್ಲಿ 10 ಪಿಪಿಎಂ ಮಿತಿಯಿದೆ. ಎಣ್ಣೆ ಕಂಪ್ರೆಸರ್‌ನಲ್ಲಿ ಬಿಸಿಯಾಗಿ, ಸವೆತದ ಲೋಹ ಮತ್ತು ಹೊರಗಿನ ಕೊಳೆ ಸೇರಿದ ಮೇಲೆ ಡ್ರಮ್‌ನಲ್ಲಿದ್ದಂತೆ ಉಳಿಯುವುದಿಲ್ಲ. ಎಚ್1 ಎಣ್ಣೆ ಹಾಕಿ, ಒಳ್ಳೆಯದೇ. ಫಿಲ್ಟರ್ ಬಿಡಬೇಡಿ.

ಎಣ್ಣೆಯನ್ನು ಅಳೆಯುವುದು ಹೇಗೆ?

ಏರೋಸಾಲ್ ಮತ್ತು ದ್ರವಕ್ಕೆ ಐಎಸ್‌ಒ 8573-2, ಆವಿಗೆ ಐಎಸ್‌ಒ 8573-5. ಎರಡನ್ನೂ ಮಾಡಿ ಕೂಡಿಸಿದರೆ ಮಾತ್ರ ಒಟ್ಟು ಎಣ್ಣೆ ಸಿಗುತ್ತದೆ. ಒಂದನ್ನೇ ಮಾಡಿ ದರ್ಜೆ ಬರೆದುಕೊಟ್ಟ ರಿಪೋರ್ಟ್ ಅಪೂರ್ಣ.

ಏರೋಸಾಲ್ ಪರೀಕ್ಷೆಯಲ್ಲಿ ಗೊತ್ತಿರುವಷ್ಟು ಗಾಳಿಯನ್ನು ಸೂಕ್ಷ್ಮ ಪದರದ ಮೂಲಕ ಹಾಯಿಸಿ, ಅದರಲ್ಲಿ ಸಿಕ್ಕ ಎಣ್ಣೆಯನ್ನು ಸಾಲ್ವೆಂಟ್‌ನಲ್ಲಿ ಬಿಡಿಸಿ, ಇನ್‌ಫ್ರಾರೆಡ್ ಉಪಕರಣದಿಂದ ಅಳೆಯುತ್ತಾರೆ. ಆವಿಗೆ ಕಾರ್ಬನ್ ತುಂಬಿದ ಕೊಳವೆಯಲ್ಲಿ ಮಾದರಿ ಹಿಡಿದು ಗ್ಯಾಸ್ ಕ್ರೊಮಟೋಗ್ರಾಫ್‌ಗೆ ಹಾಕುತ್ತಾರೆ. ಆರು ಅಥವಾ ಹೆಚ್ಚು ಇಂಗಾಲದ ಪರಮಾಣುಗಳಿರುವ ಹೈಡ್ರೋಕಾರ್ಬನ್‌ಗಳನ್ನು ಎಣ್ಣೆ ಆವಿಯೆಂದು ಎಣಿಸುತ್ತಾರೆ.

ಪೈಪ್ ಗೋಡೆಗೆ ಅಂಟಿ ಎಣ್ಣೆ ಹರಿಯುತ್ತಿದ್ದರೆ ಮಧ್ಯದಲ್ಲಿ ಸಣ್ಣ ನಳಿಕೆ ಇಟ್ಟು ತೆಗೆದ ಮಾದರಿಗೆ ಅದು ಸಿಗುವುದೇ ಇಲ್ಲ. ಆಗ ಇಡೀ ಹರಿವನ್ನು ಪರೀಕ್ಷಿಸುವ ವಿಧಾನ ಬೇಕು. ಮಾದರಿ ತೆಗೆಯುವ ಕೊಳವೆ ಸ್ಟೇನ್‌ಲೆಸ್ ಸ್ಟೀಲ್‌ನದ್ದಾಗಿರಲಿ. ರಬ್ಬರ್ ಕೊಳವೆ ತಾನೇ ಆವಿ ಬಿಡುತ್ತದೆ, ಎಣ್ಣೆಯನ್ನು ಹೀರಿಯೂ ಬಿಡುತ್ತದೆ. ಮಾದರಿ ತೆಗೆಯುವವರ ಕೈಯ ಕ್ರೀಮ್, ಪಕ್ಕದಲ್ಲಿ ತೆರೆದಿಟ್ಟ ಥಿನ್ನರ್ ಕೂಡ 0.01ರ ಮಟ್ಟದಲ್ಲಿ ಫಲಿತಾಂಶ ಕೆಡಿಸಲು ಸಾಕು.

ಆವಿಯನ್ನು ಸತತವಾಗಿ ನೋಡುವ ಫೋಟೋ-ಅಯನೀಕರಣ ಸೆನ್ಸರ್‌ಗಳೂ ಇವೆ. ಇವು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ. ಆದರೆ ಏನೋ ಕೆಟ್ಟಿತು ಎಂದು ಆ ಕ್ಷಣದಲ್ಲೇ ಹೇಳುತ್ತವೆ, ಅದು ತಿಂಗಳ ನಂತರ ಬರುವ ರಿಪೋರ್ಟ್‌ಗಿಂತ ಎಷ್ಟೋ ಮೇಲು.

ಬಿಳಿ ಕಾಗದದ ಮೇಲೆ ಗಾಳಿ ಊದಿ ನೋಡಿದರೆ ಸಾಲದಾ?

ಕಲೆ ಬಿದ್ದರೆ ದೊಡ್ಡ ತೊಂದರೆ ಇದೆ ಎಂದು ಗೊತ್ತಾಗುತ್ತದೆ. ಬೀಳದಿದ್ದರೆ ಏನೂ ಗೊತ್ತಾಗುವುದಿಲ್ಲ. ಆವಿ ಕಲೆ ಮಾಡುವುದಿಲ್ಲ.

ಎಷ್ಟು ದಿನಕ್ಕೊಮ್ಮೆ, ಎಲ್ಲಿ ಪರೀಕ್ಷೆ ಮಾಡಿಸಬೇಕು?

ಐಎಸ್‌ಒ 8573-1 ಅವಧಿ ಹೇಳುವುದಿಲ್ಲ. ನಿಮ್ಮ ಅಪಾಯದ ಅಂದಾಜು ಅದನ್ನು ಹೇಳಬೇಕು. ವರ್ಷಕ್ಕೆರಡು ಸಲ ಮಾಡಿಸುವವರು ಬಹಳ. ಇದರ ಜೊತೆಗೆ ಫಿಲ್ಟರ್‌ನ ಎಲಿಮೆಂಟ್ (ಒಳಗಿನ ಬದಲಿಸುವ ಭಾಗ) ಬದಲಿಸಿದ ಮೇಲೆ, ಪೈಪ್ ಕೆಲಸ ಆದ ಮೇಲೆ, ಕಂಪ್ರೆಸರ್ ದೊಡ್ಡ ರಿಪೇರಿ ಆದ ಮೇಲೆ ಮಾಡಿಸಿ. ಇನ್ನೊಂದು ಸಲಹೆ: ಬೇಸಿಗೆಯ ಮಧ್ಯಾಹ್ನ, ಬಳಕೆ ಜಾಸ್ತಿ ಇರುವಾಗ ಮಾದರಿ ತೆಗೆಸಿ, ಎಲಿಮೆಂಟ್ ಬದಲಿಸುವ ಸ್ವಲ್ಪ ಮೊದಲು. ಆಗಲೂ ಪಾಸಾದರೆ ನೆಮ್ಮದಿ. ಹೊಸ ಎಲಿಮೆಂಟ್ ಹಾಕಿದ ಮರುದಿನದ ರಿಪೋರ್ಟ್ ಎಲಿಮೆಂಟ್ ಹೊಸದು ಎಂದಷ್ಟೇ ಹೇಳುತ್ತದೆ.

ಜಾಗ ಬಳಸುವ ತುದಿಯೇ. ಕಂಪ್ರೆಸರ್ ಕೋಣೆಯ ರಿಪೋರ್ಟ್ ಇಟ್ಟುಕೊಂಡು ತುದಿಯ ಗಾಳಿಯ ಬಗ್ಗೆ ಮಾತಾಡಲು ಬರುವುದಿಲ್ಲ. ಎರಡೂ ಕಡೆ ತೆಗೆಸಿದರೆ ತಪ್ಪು ಯಂತ್ರದ್ದೋ ಪೈಪ್‌ನದ್ದೋ ಎಂದು ತಿಳಿಯುತ್ತದೆ.

ಫಿಲ್ಟರ್‌ನ ಗೇಜ್ ಹಸಿರಿನಲ್ಲಿದೆ. ಎಲಿಮೆಂಟ್ ಯಾಕೆ ಬದಲಿಸಬೇಕು?

ಎಲಿಮೆಂಟ್ ಹರಿದರೂ ಗೇಜ್ ಹಸಿರಿನಲ್ಲೇ ಇರುತ್ತದೆ! ಗಾಳಿ ತೂತಿನಲ್ಲಿ ಸಲೀಸಾಗಿ ಹೋಗುತ್ತದಲ್ಲ. ಇದ್ದಕ್ಕಿದ್ದಂತೆ ಒತ್ತಡದ ವ್ಯತ್ಯಾಸ ಕಡಿಮೆಯಾದರೆ ಖುಷಿಪಡದೆ ಬಿಚ್ಚಿ ನೋಡಿ. ಗೇಜ್ ಹೇಳುವುದು ಕಟ್ಟಿಕೊಂಡಿದೆಯಾ ಎಂದು ಮಾತ್ರ. ಸಾಮಾನ್ಯವಾಗಿ ಕೊಯಲೆಸಿಂಗ್ ಎಲಿಮೆಂಟನ್ನು ವರ್ಷಕ್ಕೊಮ್ಮೆ ಅಥವಾ 8,000 ಗಂಟೆಗೆ, ಯಾವುದು ಮೊದಲೋ ಆಗ ಬದಲಿಸುತ್ತಾರೆ.

ಹಾಗೆಂದು ಕಟ್ಟಿಕೊಂಡ ಎಲಿಮೆಂಟನ್ನು ಎಳೆದಾಡುವುದೂ ದುಬಾರಿ. 7 ಬಾರ್ ಆಸುಪಾಸಿನಲ್ಲಿ ಒಂದು ಬಾರ್ ಒತ್ತಡ ಏರಿಸಲು ಶೇ 6ರಿಂದ 7ರಷ್ಟು ವಿದ್ಯುತ್ ಜಾಸ್ತಿ ಬೇಕು. ಅರ್ಧ ಬಾರ್ ನುಂಗುವ ಫಿಲ್ಟರ್ ವರ್ಷವಿಡೀ ಕರೆಂಟ್ ಬಿಲ್‌ನಲ್ಲಿ ಕೂತಿರುತ್ತದೆ. ಅದರ ಬೆಲೆಗೆ ಎಷ್ಟು ಹೊಸ ಎಲಿಮೆಂಟ್ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ.

ನೀರಿಗೂ ಎಣ್ಣೆಗೂ ಏನು ಸಂಬಂಧ?

ತುಂಬಾ ಇದೆ. 25 ಡಿಗ್ರಿ, ಶೇ 60 ತೇವ ಇರುವ ಗಾಳಿಯ ಒಂದು ಘನ ಮೀಟರ್‌ನಲ್ಲಿ ಸುಮಾರು 14 ಗ್ರಾಂ ನೀರಿರುತ್ತದೆ. ಎಣ್ಣೆ ಬರೀ ಕೆಲವು ಮಿಲಿಗ್ರಾಂ. ಡ್ರೈನ್ ಕೆಟ್ಟು ನೀರು ನಿಂತರೆ ಎಣ್ಣೆಯ ಫಿಲ್ಟರ್ ನೀರಿನಲ್ಲಿ ಮುಳುಗುತ್ತದೆ, ಹಿಡಿದ ಎಣ್ಣೆಯೂ ನೀರಿನ ಜೊತೆ ಮುಂದೆ ಹೋಗುತ್ತದೆ. ಇತ್ತ ಎಣ್ಣೆ ಡೆಸಿಕಂಟ್ ಡ್ರೈಯರ್‌ಗೆ ಹೋದರೆ ಮಣಿಗಳ ಮೇಲೆ ಪದರ ಕಟ್ಟಿ ಅವು ತೇವ ಹೀರುವುದನ್ನೇ ಬಿಡುತ್ತವೆ. ಹೀಗೆ ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ. ಡ್ರೈನ್‌ಗಳನ್ನು ದಿನವೂ ಒತ್ತಿ ನೋಡಿ.

ಡ್ರೈನ್‌ನಿಂದ ಬರುವ ನೀರಿನಲ್ಲಿ ಎಣ್ಣೆ ಇರುತ್ತದೆ. ಅದನ್ನು ನೇರ ಚರಂಡಿಗೆ ಬಿಡಬಾರದು. ಎಣ್ಣೆ-ನೀರು ಬೇರ್ಪಡಿಸುವ ಘಟಕ ಹಾಕಿಸಿ.

ರಿಪೋರ್ಟ್‌ನಲ್ಲಿ ದರ್ಜೆ 1 ಇದೆ. ಆದರೂ ಪೇಂಟ್ ಮೇಲೆ ಕುಳಿ ಬೀಳುತ್ತಿದೆ. ಏಕೆ?

ಸಿಲಿಕೋನ್ ಹುಡುಕಿ. ಸೀಲ್‌ಗೆ ಹಚ್ಚಿದ ಗ್ರೀಸ್, ಹೊಸ ವಾಲ್ವ್, ಹೋಸ್, ಅಷ್ಟೇ ಏಕೆ, ಹ್ಯಾಂಡ್ ಕ್ರೀಮ್‌ನಿಂದಲೂ ಬರುತ್ತದೆ. ಎಣ್ಣೆಯ ಪರೀಕ್ಷೆಯಲ್ಲಿ ಅದು ಸಿಗದೇ ಹೋಗಬಹುದು, ತೀರಾ ಸ್ವಲ್ಪವಿದ್ದರೂ ಪೇಂಟ್ ಹರಡುವುದನ್ನು ತಡೆಯುತ್ತದೆ. ಇಂಥ ವಸ್ತುಗಳ ಪರೀಕ್ಷೆಗೆ ಜರ್ಮನಿಯ ವಿಡಿಎಂಎ 24364 ಎಂಬ ಪ್ರತ್ಯೇಕ ಮಾರ್ಗಸೂಚಿ ಇದೆ. ಪೇಂಟ್ ಲೈನ್‌ಗೆ ಬಿಡಿಭಾಗ ಕೊಳ್ಳುವಾಗ ಅದನ್ನು ಕೇಳಿ.

ಖರೀದಿ ಆರ್ಡರ್‌ನಲ್ಲಿ ಏನು ಬರೆಯಬೇಕು?

"ಆಯಿಲ್-ಫ್ರೀ ಗಾಳಿ ಬೇಕು" ಎಂದು ಬರೆದರೆ ನಾಳೆ ಜಗಳಕ್ಕೆ ದಾರಿ. ಮಾನದಂಡ ಮತ್ತು ಇಸವಿ, ಮೂರೂ ದರ್ಜೆ, ಯಾವ ಜಾಗದಲ್ಲಿ ಅಳೆಯಬೇಕು, ಆಗ ಹರಿವು, ಒತ್ತಡ, ಉಷ್ಣತೆ ಎಷ್ಟಿರುತ್ತದೆ, ಒಟ್ಟು ಎಣ್ಣೆಯಲ್ಲಿ ಆವಿ ಸೇರಿದೆ ಎಂಬ ಮಾತು, ಇವೆಲ್ಲ ಇರಲಿ. ಉಷ್ಣತೆಗೆ ನಿಮ್ಮ ಕೋಣೆಯ ಅತಿ ಬಿಸಿ ದಿನದ ಅಂಕಿ ಕೊಡಿ. ಯಂತ್ರ ಜೋಡಿಸಿದ ಮೇಲೆ ಪರೀಕ್ಷೆ ಯಾರ ಖರ್ಚಿನಲ್ಲಿ, ಫೇಲಾದರೆ ಏನು ಎನ್ನುವುದನ್ನೂ ಈಗಲೇ ಬರೆಸಿ.

ಲೈನ್‌ಗೆ ಈಗಾಗಲೇ ಎಣ್ಣೆ ನುಗ್ಗಿದೆ. ಏನು ಮಾಡುವುದು?

ಮೊದಲು ಆ ಗಾಳಿ ಮುಟ್ಟಿದ ಮಾಲನ್ನು ಬೇರೆ ಇಡಿ. ಆಮೇಲೆ ಮೂಲ ನಿಲ್ಲಿಸಿ: ಸೆಪರೇಟರ್, ಎಣ್ಣೆ ಮಟ್ಟ, ವಾಪಸ್ ಪೈಪ್, ಕೂಲರ್ ನೋಡಿ. ರಿಸೀವರ್ ಟ್ಯಾಂಕ್ ಮತ್ತು ಎಲ್ಲ ತಗ್ಗು ಜಾಗಗಳ ಡ್ರೈನ್ ತೆಗೆಯಿರಿ. ಕೊಯಲೆಸಿಂಗ್ ಎಲಿಮೆಂಟ್‌ಗಳನ್ನೂ ಕಾರ್ಬನ್ ಅನ್ನೂ ಬದಲಿಸಿ. ಎಣ್ಣೆ ಕುಡಿದ ಡೆಸಿಕಂಟ್ ಮಣಿ ಒಣಗಿಸಿದರೆ ಸರಿಯಾಗುವುದಿಲ್ಲ, ಹೊಸದೇ ಹಾಕಬೇಕು. ಪೈಪ್ ತೊಳೆಯಲು ಏನು ಬಳಸಬೇಕೆಂದು ತಯಾರಕರನ್ನು ಕೇಳದೆ ಸಾಲ್ವೆಂಟ್ ಸುರಿಯಬೇಡಿ. ಒತ್ತಡದ ಲೈನ್‌ನಲ್ಲಿ ಉಳಿದ ಸಾಲ್ವೆಂಟ್ ಬೆಂಕಿಗೆ ದಾರಿ, ಪರೀಕ್ಷೆಯಲ್ಲೂ ಎಣ್ಣೆ ಆವಿಯಾಗಿ ಕಾಣುತ್ತದೆ. ಹಳೆಯ ಕಬ್ಬಿಣದ ಪೈಪ್ ಪೂರ್ತಿ ನೆನೆದಿದ್ದರೆ ಮುಖ್ಯ ಜಾಗಗಳಿಗೆ ಹೋಗುವ ಕವಲುಗಳನ್ನು ಹೊಸದಾಗಿ ಹಾಕಿಸಿ ತುದಿಯಲ್ಲಿ ಫಿಲ್ಟರ್ ಕೂರಿಸುವುದು ಬೇಗ ಮುಗಿಯುವ ದಾರಿ. ಎಲ್ಲ ಆದ ಮೇಲೆ ತುದಿಯಲ್ಲಿ ಒಂದು ಪರೀಕ್ಷೆ, ಕೆಲವು ವಾರ ಬಿಟ್ಟು ಇನ್ನೊಂದು. ಗೋಡೆಗೆ ಅಂಟಿದ ಎಣ್ಣೆ ನಿಧಾನವಾಗಿ ಆವಿಯಾಗಿ ಬರುತ್ತಲೇ ಇರುತ್ತದೆ, ಮೊದಲ ಪರೀಕ್ಷೆಯಲ್ಲಿ ಪಾಸಾದ ಲೈನ್ ಎರಡನೆಯದರಲ್ಲಿ ಫೇಲಾಗುವುದು ಉಂಟು.